ಹತ್ತಿ ಕುಡಿದದ್ದು

ಮತ್ತೆ ಮತ್ತೆ ತೊಳೆದರೂ ಗಾಜಿನ ತಟ್ಟೆಯ ಮಂಜು ಹೋಗಲಿಲ್ಲ. ಅರೆತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಂಚು ಎಂದಿನಂತೆ ತಿಳಿಯಾಗಿತ್ತು. ಬೆಳಿಗ್ಗೆ ದ್ರವ ನಿಂತಿದ್ದ ಮಟ್ಟದಿಂದ ಕೆಳಗೆ ಮಾತ್ರ ಯಾರೋ ಉಸಿರು ಬಿಟ್ಟು ಹೋದ ಹಾಗೆ ಮಸುಕಾಗಿತ್ತು. ಸೋಪು ಹಾಕಿ ಉಜ್ಜಿದಳು, ಸ್ಪಿರಿಟ್ಟಿನಲ್ಲಿ ಒರೆಸಿದಳು. ಕೊನೆಗೆ ತಟ್ಟೆ ಒಣಗಿಸಿ ಪೆನ್ಸಿಲ್ಲಿನಿಂದ ತಳದ ಮೇಲೊಂದು ಗೀಟು ಎಳೆದಳು. ಜಾರಿ ಹೋಗಬೇಕಿದ್ದ ಪೆನ್ಸಿಲ್ಲು ಕಾಗದದ ಮೇಲೆ ಬರೆದಷ್ಟೇ ಸಲೀಸಾಗಿ ಬೂದು ಗೆರೆ ಬಿಟ್ಟಿತು. ಅದು ಕೊಳೆಯಾಗಿರಲಿಲ್ಲ. ಗಾಜನ್ನೇ ಏನೋ ತಿಂದಿತ್ತು.

ಗಾಜನ್ನು ತಿನ್ನುವ ಆಸಿಡ್ ಯಾವುದೆಂದು ಅವಳಿಗೆ ಗೊತ್ತಿತ್ತು. ಲಾರಿಸಾದ ಜವಳಿ ಶಾಲೆಯಲ್ಲಿ ಓದುವಾಗ ಮೇಷ್ಟ್ರೊಬ್ಬರು ಗಾಜಿನ ಚೂರಿಗೆ ಮೇಣ ಬಳಿದು, ಮೇಣದ ಮೇಲೆ ಮೊಳೆಯಿಂದ ಹೆಸರು ಗೀಚಿ, ಅದನ್ನು ಆಸಿಡ್ಡಿನಲ್ಲಿ ಮುಳುಗಿಸಿ ತೋರಿಸಿದ್ದರು. ಮೇಣ ತೆಗೆದಾಗ ಹೆಸರು ಗಾಜಿನೊಳಗೆ ಕೊರೆದು ಕೂತಿತ್ತು. ಹುಡುಗಿಯರೆಲ್ಲ ತಮ್ಮ ಹೆಸರನ್ನೂ ಬರೆದುಕೊಡಿ ಎಂದು ದುಂಬಾಲು ಬಿದ್ದಾಗ ಮೇಷ್ಟ್ರು ನಗಲಿಲ್ಲ. ಬೇರೆ ಆಸಿಡ್ಡುಗಳು ಬಿದ್ದ ಕೂಡಲೇ ಉರಿಯುತ್ತವೆ, ಹಾಗಾಗಿ ಮನುಷ್ಯ ನೀರಿಗೆ ಓಡುತ್ತಾನೆ. ಇದು ತೆಳುವಾಗಿದ್ದರೆ ಸುಮ್ಮನೆ ಚರ್ಮದೊಳಗೆ ಇಳಿದು ಹೋಗುತ್ತದೆ, ಮೂಳೆ ಸಿಕ್ಕಿದ ಮೇಲೇ ಮಾತಾಡುವುದು ಎಂದಿದ್ದರು.

ಬೆಳಿಗ್ಗೆ ವಾಯೋಸನ ತೊಡೆಯ ಮೇಲೆ ಚೆಲ್ಲಿದ್ದು ಇದೇ.

ಅವರಿಬ್ಬರೂ ಕೆಲಸ ಮಾಡುವ ಕಾರ್ದಿತ್ಸಾ ಬಯಲಿನ ಮಿಲ್ಲಿನಲ್ಲಿ ಮೊದಲು ಹಾಸಿಗೆ ಬಟ್ಟೆ ನೇಯುತ್ತಿದ್ದರು. ಅಗ್ಗದ ಬಟ್ಟೆ ಹೊರಗಿನಿಂದ ಬರತೊಡಗಿದ ಮೇಲೆ ಮಗ್ಗಗಳು ಹೋದವು. ಈಗ ನೂಲಿಗೆ ಬಾರದ ಗಿಡ್ಡ ಎಳೆಯ ಹತ್ತಿಯನ್ನು ಒತ್ತಿ, ಸೂಜಿಯಿಂದ ಕುಟ್ಟಿ, ದಪ್ಪ ಹಾಸು ಮಾಡುತ್ತಾರೆ. ಬಂದರಿನಲ್ಲಿ ತೈಲ ಚೆಲ್ಲಿದರೆ, ಗ್ಯಾರೇಜಿನಲ್ಲಿ ಡೀಸೆಲ್ ಸೋರಿದರೆ, ಕಾರ್ಖಾನೆಯಲ್ಲಿ ಕ್ಯಾನು ಉರುಳಿದರೆ ಮೇಲೆ ಎಸೆದು ಹೀರಿಸುವುದಕ್ಕೆ. ಯಾವ ದ್ರವವನ್ನು ಎಷ್ಟು ಕುಡಿಯುತ್ತದೆ, ಎತ್ತಿ ನೇತುಹಾಕಿದರೆ ಎಷ್ಟು ಬಿಟ್ಟುಕೊಡುತ್ತದೆ ಎಂದು ಅಳೆಯುವುದು ಅರೆತಿಯ ಕೆಲಸ. ಹಾಸನ್ನು ಕತ್ತರಿಸುವುದು, ಮುಳುಗಿಸುವುದು, ತೂಗುವುದು ವಾಯೋಸನದು. ಅವರಿಬ್ಬರೂ ಹಿಂದೆ ಗಂಡ ಹೆಂಡತಿ. ಬಿಟ್ಟ ಮೇಲೂ ಇಬ್ಬರಲ್ಲಿ ಯಾರೂ ಕೆಲಸ ಬಿಡಲಿಲ್ಲ. ಮನೆ ಬೇರೆಯಾದರೂ ತಕ್ಕಡಿ ಒಂದೇ ಎಂದು ಊರಿನವರು ಆಡಿಕೊಂಡು, ಆಡಿಕೊಂಡು, ಕೊನೆಗೆ ಅವರಿಗೇ ಬೇಸರವಾಗಿ ಸುಮ್ಮನಾಗಿದ್ದರು.

ಆ ಶನಿವಾರ ಬೆಳಿಗ್ಗೆ ಮಾಲೀಕ ಕ್ಲೆಯಾಂಥಿಸ್ ಬಿಳಿ ಪ್ಲಾಸ್ಟಿಕ್ ಕ್ಯಾನೊಂದನ್ನು ತಾನೇ ಹೊತ್ತು ತಂದಿದ್ದ. ಲೋಹದ ತೊಟ್ಟಿಗಳನ್ನು ತೊಳೆಯುವ ಕಂಪನಿಯೊಂದು ಕಳಿಸಿದ್ದು, ತುಕ್ಕು ತೆಗೆಯುವ ದ್ರವ, ತೆಳು ಆಸಿಡ್ಡು, ವಿವರದ ಕಾಗದ ಸೋಮವಾರ ಬರುತ್ತದೆ ಎಂದ. ಯಾವ ಆಸಿಡ್ಡು ಎಂದು ಅರೆತಿ ಕೇಳಿದಳು. ಅವರಿಗೇ ಸರಿಯಾಗಿ ಗೊತ್ತಿದ್ದ ಹಾಗೆ ಕಾಣಲಿಲ್ಲ, ಆದರೆ ಇವತ್ತೇ ಉತ್ತರ ಬೇಕಂತೆ ಎಂದು ಕ್ಲೆಯಾಂಥಿಸ್ ಕೈ ಹಿಸುಕಿಕೊಂಡ. ಬೇಸಿಗೆಯಿಂದ ದೊಡ್ಡ ಆರ್ಡರು ಬಂದಿರಲಿಲ್ಲ. ಅವಳು ಕಾಗದದ ಪಟ್ಟಿ ಅದ್ದಿ ಹುಳಿ ನೋಡಿದಳು; ಬ್ಯಾಟರಿ ಆಸಿಡ್ಡಿಗಿಂತ ಸೌಮ್ಯವಾಗಿಯೇ ಇತ್ತು. ಕನ್ನಡಕ, ಕೈಗವಸು ಹಾಕಿಕೊಂಡರು, ಶುರು ಮಾಡಿದರು.

ನೆನೆದ ಹಾಸನ್ನು ಎತ್ತುವಾಗ ತಟ್ಟೆ ವಾಲಿ, ದ್ರವ ಮೇಜಿನಿಂದ ಹರಿದು ವಾಯೋಸನ ಪ್ಯಾಂಟಿನ ಮೇಲೆ ಬಿತ್ತು, ಸೊಂಟದ ಕೆಳಗಿನಿಂದ ಮಂಡಿಯವರೆಗೂ. ಅವಳು ನಲ್ಲಿಯತ್ತ ಕೈ ತೋರಿಸಿದಳು. ಅವನು ಒಣ ಹಾಸೊಂದನ್ನು ಎತ್ತಿ ತೊಡೆಗೆ ಒತ್ತಿ ಹಿಡಿದ.

"ನೋಡು ನಮ್ಮ ಹತ್ತೀನ," ಎಂದ. "ಒಂದೇ ಒತ್ತಿಗೆ ಒಣಗಿಸ್ತು. ಉರೀತಾನೂ ಇಲ್ಲ, ಏನೂ ಇಲ್ಲ. ಬರೀ ನೀರು ಮಾರ್ತಿದಾರೆ ಕಳ್ಳರು."

ಅವಳು ಮುಟ್ಟಿ ನೋಡಲಿಲ್ಲ. ಬಿಟ್ಟ ಗಂಡನ ತೊಡೆಯನ್ನು ಮುಟ್ಟಿ ನೋಡುವುದು ಹೇಗೆ? ಪ್ಯಾಂಟು ಬದಲಾಯಿಸು ಎಂದಷ್ಟೇ ಹೇಳಿದಳು. ಅವನು ಹೂಂ ಎಂದ. ಬೇಗ ಕೆಲಸ ಮುಗಿಸಿ, ಅದೇ ಪ್ಯಾಂಟಿನಲ್ಲಿ, ಆಗ್ರಾಫಾ ಬೆಟ್ಟದ ಮೇಲಿನ ತನ್ನ ಹಳ್ಳಿಗೆ ಹೊರಟುಹೋದ. ಅಲ್ಲಿ ಅವನ ಚಿಕ್ಕಪ್ಪನ ಮಗ ಸೆರಾಫಿಮ್ ಈ ವರ್ಷದ ಸಾರಾಯಿ ಬಟ್ಟಿ ಇಳಿಸುತ್ತಿದ್ದ.

ಈಗ ಮಧ್ಯಾಹ್ನವಾಗಿತ್ತು. ಅವನ ಫೋನು ಹತ್ತಲಿಲ್ಲ. ಬೆಟ್ಟದ ಮಡಿಲಿನ ಆ ಹಳ್ಳಿಯಲ್ಲಿ ಯಾರ ಫೋನೂ ಹತ್ತುವುದಿಲ್ಲ. ಅವಳು ಅಥೆನ್ಸಿನ ವಿಷ ಚಿಕಿತ್ಸೆಯ ಸಹಾಯವಾಣಿಗೆ ಕರೆ ಮಾಡಿದಳು. ಆ ಕಡೆಯ ಹೆಂಗಸು ಅವಸರವಿಲ್ಲದ ದನಿಯಲ್ಲಿ ಎಷ್ಟು ಹೊತ್ತಾಯಿತು, ಎಷ್ಟು ಜಾಗಕ್ಕೆ ಬಿತ್ತು ಎಂದೆಲ್ಲ ಕೇಳಿಕೊಂಡಳು. ನೋವು ಇದೆಯಾ ಎಂದು ಕೇಳಿದಾಗ ಅರೆತಿ ಏನೋ ಒಂದು ಆಸೆಯಿಂದ, ಇಲ್ಲವಂತೆ, ನಗುತ್ತಿದ್ದ ಎಂದಳು.

"ಅದನ್ನ ನಂಬಬೇಡಿ," ಎಂದಳು ಆಕೆ. ಅವಳ ಅವಸರವಿಲ್ಲದ ದನಿ ಅಲ್ಲಿಗೆ ಮುಗಿಯಿತು. ಬಟ್ಟೆ ತೆಗೆಸಬೇಕು, ಹರಿಯುವ ನೀರಿನಲ್ಲಿ ಬಿಡದೆ ತೊಳೆಯಬೇಕು, ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಇರುವ ಮಾತ್ರೆ ಏನಾದರೂ ಸಿಕ್ಕರೆ ಅರೆದು ಮೆತ್ತಬೇಕು, ಏಕೆಂದರೆ ಈ ಆಸಿಡ್ಡು ಮೈಯೊಳಗಿನ ಸುಣ್ಣವನ್ನು ಕಟ್ಟಿಹಾಕುತ್ತದೆ, ಸುಣ್ಣವಿಲ್ಲದೆ ಹೃದಯ ಹೊಡೆದುಕೊಳ್ಳುವುದಿಲ್ಲ. ತುಟಿ ಜುಮ್ಮೆಂದರೆ, ಬೆರಳು ಸೆಟೆದುಕೊಂಡರೆ ಇನ್ನು ಹೊತ್ತಿಲ್ಲ ಎಂದು ತಿಳಿಯಿರಿ. ಆಂಬುಲೆನ್ಸನ್ನು ನಾನು ಬೆಟ್ಟದ ಬುಡದ ಸೇತುವೆಗೆ ಕಳಿಸುತ್ತೇನೆ, ಮೇಲಿನ ದಾರಿ ಬಲ್ಲವರು ಅವನನ್ನು ಅಲ್ಲಿಗೆ ಇಳಿಸಿ ತನ್ನಿ.

ಅರೆತಿ ಕ್ಲೆಯಾಂಥಿಸನಿಗೆ ಫೋನು ಮಾಡಿ, ಪರೀಕ್ಷೆಯ ಕೋಣೆಗೆ ಬೀಗ ಹಾಕಿಸಿ, ನೆನೆದ ಹಾಸುಗಳನ್ನು ಯಾರೂ ಮುಟ್ಟದಿರಲಿ ಎಂದಳು. ಅವನು ಏನು ಕೇಳಿದನೋ, ಅಷ್ಟು ಹೊತ್ತಿಗೆ ಅವಳು ಕಾರಿನಲ್ಲಿದ್ದಳು.

ಅದು ಹತ್ತಿ ಬಿಡಿಸುವ ಕಾಲ. ಬಯಲಿನ ರಸ್ತೆಯ ಉದ್ದಕ್ಕೂ ತಂತಿ ಬಲೆ ಕಟ್ಟಿದ ಟ್ರೇಲರುಗಳು ಗಿರಣಿಗೆ ಸಾಲು ಹಿಡಿದಿದ್ದವು. ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು, ದಾಟಲಾಗದೆ, ಹಾರ್ನ್ ಒತ್ತಿ ಒತ್ತಿ ಅವಳ ಅಂಗೈ ನೋಯಿತು. ಟ್ರ್ಯಾಕ್ಟರಿನವನು ಹಿಂದಕ್ಕೆ ತಿರುಗಿ, ಮದುವೆಗೆ ತಡವಾಯಿತೇನಮ್ಮ ಎನ್ನುವಂತೆ ಕೈಯಾಡಿಸಿದ. ವಾಯೋಸ್ ಆಗಲೇ ಬಿದ್ದುಬಿಟ್ಟಿರಬಹುದು. ಕುಡಿದು ಮಲಗಿದಾನೆ ಅಂದುಕೊಂಡು ಎಲ್ಲರೂ ಅವನನ್ನು ಗೋಡೆಗೆ ಒರಗಿಸಿ ತಮ್ಮ ಪಾಡಿಗೆ ಮಾಂಸ ಸುಡುತ್ತಿರಬಹುದು. ಈ ಚಿತ್ರ ಒಮ್ಮೆ ಬಂದದ್ದು ಹೋಗಲೇ ಇಲ್ಲ. ತಿರುವು ತಿರುವಿಗೂ ಅವನು ಅದೇ ಗೋಡೆಗೆ ಒರಗಿ, ಅದೇ ಟೋಪಿ ಕಣ್ಣಿನ ಮೇಲೆ ಇಳಿದು, ಕೂತಿದ್ದ.

ಅವನು ಕೆಟ್ಟವನೆಂದು ಅವಳು ಬಿಟ್ಟಿರಲಿಲ್ಲ. ಅವನಿಗೆ ಹೆದರಿಕೆಯೆಂಬುದೇ ಇರಲಿಲ್ಲ, ಅದಕ್ಕೆ ಬಿಟ್ಟಿದ್ದು. ಹೀಗೆಂದರೆ ನ್ಯಾಯಾಲಯದಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಒಂದು ಚಳಿಗಾಲ ಅವಳ ಮೊಲೆಯಲ್ಲಿ ಗಂಟೊಂದು ಸಿಕ್ಕಿತ್ತು. ವರದಿ ಬರುವ ತನಕ ಅವನು ಏನೂ ಆಗೋಲ್ಲ ಬಿಡು ಎನ್ನುತ್ತ, ಸಿಳ್ಳೆ ಹಾಕುತ್ತ, ಬಾಲ್ಕನಿಯ ಕಂಬಿಗೆ ಬಣ್ಣ ಹೊಡೆದ. ಏನೂ ಆಗಲಿಲ್ಲ, ನಿಜ. ಆದರೆ ಅಷ್ಟೂ ದಿನ ಆ ಮನೆಯಲ್ಲಿ ಹೆದರಿಕೆಯನ್ನು ಅವಳೊಬ್ಬಳೇ ಹೊತ್ತಿದ್ದಳು.

ಬಟ್ಟಿಯ ಕೊಟ್ಟಿಗೆ ದೂರದಿಂದಲೇ ಹೊಗೆಯಿಂದ ಗೊತ್ತಾಯಿತು. ತಾಮ್ರದ ಹಂಡೆಯ ಕೆಳಗೆ ಓಕ್ ಸೌದೆ ಉರಿಯುತ್ತಿತ್ತು; ಕೊಳವೆಯ ತುದಿಯಿಂದ ಸಾರಾಯಿ ದಾರದಷ್ಟು ಸಣ್ಣಗೆ ಬಕೆಟ್ಟಿಗೆ ಇಳಿಯುತ್ತಿತ್ತು. ಉದ್ದ ಬೆಂಚಿನ ಮೇಲೆ ಗಂಡಸರು ಕೂತಿದ್ದರು. ವಾಯೋಸ್ ತುದಿಯಲ್ಲಿದ್ದ, ಕೈಯಲ್ಲಿ ಲೋಟ, ಬಾಯಲ್ಲಿ ಆಲಿವ್. ಬದುಕಿದ್ದ. ಅವಳು ಒಳಗೆ ಕಾಲಿಟ್ಟಳು.

"ಬನ್ನಿ ಅತ್ತಿಗೆ," ಎಂದ ಸೆರಾಫಿಮ್. ಸಂಬಂಧ ಮುರಿದು ಬಿದ್ದರೂ ಅವನು ಹಾಗೆ ಕರೆಯುವುದನ್ನು ಬಿಟ್ಟಿರಲಿಲ್ಲ. "ವಾಸನೆ ಬಯಲು ತನಕ ಬಂತಾ?"

ಬೆಂಕಿಯ ಪಕ್ಕದಲ್ಲಿದ್ದ ಮುದುಕ ಪೆರಿಕ್ಲೀಸ್ ತನ್ನ ಲೋಟ ಎತ್ತಿದ. "ಬಿಟ್ಟೋಳು ಬೆಟ್ಟ ಹತ್ತಿ ಬಂದವಳೆ ಅಂದ್ರೆ ಈ ಸಲದ ಮಾಲು ಗಟ್ಟಿಯಾಗಿಯೇ ಬಂದೈತೆ ಕಣ್ರಪ್ಪ."

ಅರೆತಿ ನೇರ ವಾಯೋಸನ ಮುಂದೆ ಹೋಗಿ ನಿಂತಳು. "ಪ್ಯಾಂಟು ಬಿಚ್ಚು."

ಕೊಟ್ಟಿಗೆಯೆಲ್ಲ ನಕ್ಕಿತು. ವಾಯೋಸನೂ ನಕ್ಕ. "ಮೇಡಮ್ಮೋರು ಸ್ವಲ್ಪ ತಡವಾಗಿ ಬಂದ್ರಿ," ಎಂದ. ಇನ್ನಷ್ಟು ನಕ್ಕರು.

"ಬೆಳಿಗ್ಗೆದು ನೀರಲ್ಲ, ವಾಯೋಸ್. ಗಾಜು ತಿಂದಿದೆ ಅದು. ತಟ್ಟೆ ಮಸುಕಾಗಿ ಹೋಗಿದೆ."

ಅವನು ಲೋಟವನ್ನು ನಿಧಾನವಾಗಿ ಬೆಂಚಿನ ಮೇಲಿಟ್ಟ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಆದ್ದರಿಂದ ಅವನು ಮಾತಾಡುವ ಮೊದಲೇ ಅವಳಿಗೆ ತಿಳಿಯಿತು.

"ಆಗಲಿಂದ ಒಂಥರಾ ಸೆಳೀತಿದೆ," ಎಂದ. "ಹುಳುಕು ಹಲ್ಲು ಸೆಳೀತದಲ್ಲ, ಹಂಗೆ, ಆದ್ರೆ ತೊಡೇಲಿ. ಕಲ್ಲಿನ ಮೇಲೆ ಕೂತು ಶೀತ ಹಿಡೀತು ಅನ್ಕೊಂಡೆ. ಇದು ಎರಡು ಲೋಟ ಹಾಕಿದ್ರೂ ಹೋಗ್ಲಿಲ್ಲ."

ಆಮೇಲೆ ಯಾರೂ ನಗಲಿಲ್ಲ. ಅವನು ಬೆಲ್ಟಿಗೆ ಕೈ ಹಾಕಿದ, ಬೆರಳುಗಳು ಹೇಳಿದ ಮಾತು ಕೇಳಲಿಲ್ಲ. ಅವಳೇ ಬಿಚ್ಚಿದಳು. ತಂದ ಕೈಗವಸು ಕಾರಿನ ಸೀಟಿನ ಮೇಲೇ ಉಳಿದಿತ್ತು. ಹೋಗಿ ತರಲು ಅವಳಿಗೆ ತೋಚಲೂ ಇಲ್ಲ. ಒರಟು ಬಟ್ಟೆ ಚರ್ಮಕ್ಕೆ ಅಂಟಿಕೊಂಡ ಕಡೆ ಎರಡು ಕೈಯಿಂದ ಹಿಡಿದು ಎಳೆದಳು. ತೊಡೆಯ ಮುಂಭಾಗ ಕೆಂಪಾಗಿರಲಿಲ್ಲ, ಬೊಬ್ಬೆ ಎದ್ದಿರಲಿಲ್ಲ. ಬೆಂದ ಮೀನಿನ ಹಾಗೆ ಬೆಳ್ಳಗೆ, ನಡುವೆ ಬೂದಿಯ ಬಣ್ಣವಾಗಿತ್ತು. ಪೆರಿಕ್ಲೀಸ್ ಶಿಲುಬೆಯ ಗುರುತು ಮಾಡಿಕೊಂಡ.

ಕೊಳವೆಯನ್ನು ತಣ್ಣಗಿಡಲು ಊಟೆಯ ನೀರು ಆ ಕೊಟ್ಟಿಗೆಯಲ್ಲಿ ಸದಾ ಹರಿಯುತ್ತಿತ್ತು. ಸೆರಾಫಿಮ್ ರಬ್ಬರ್ ಕೊಳವೆಯನ್ನು ಕಿತ್ತು ತೊಡೆಯ ಮೇಲೆ ಹಿಡಿದ. ನೀರು ಬೆಟ್ಟದ ಚಳಿಯನ್ನೆಲ್ಲ ಹೊತ್ತು ತಂದಂತಿತ್ತು. ವಾಯೋಸ್ ಹಲ್ಲು ಕಟಕಟಿಸುತ್ತ ನಿಂತ. ಎದೆಯುರಿಗೆ ನುಂಗುವ ಸುಣ್ಣದ ಮಾತ್ರೆ ಯಾರ ಬಳಿಯಾದರೂ ಇದೆಯೇ ಎಂದು ಅರೆತಿ ಕೇಳಿದಳು. ಕುಡಿಯುವ ಗಂಡಸರು, ಒಬ್ಬೊಬ್ಬರ ಜೇಬಿನಿಂದಲೂ ಒಂದೊಂದು ಮಾತ್ರೆಯ ಪಟ್ಟಿ ಬಂತು. ಅವನ್ನೆಲ್ಲ ಉಪ್ಪು ಕುಟ್ಟುವ ಕಲ್ಲಿನಿಂದ ಜಜ್ಜಿ, ನೀರು ಬೆರೆಸಿ, ಹಿಟ್ಟಿನಂತೆ ಮಾಡಿ ಮೆತ್ತಿದರು.

"ಅತ್ತಿಗೆ, ಇದರಿಂದ ವಾಸಿ ಆಗುತ್ತಾ?" ಎಂದು ಸೆರಾಫಿಮ್ ಪಿಸುಗುಟ್ಟಿದ.

ಗೊತ್ತಿಲ್ಲ ಎಂದಳು. ಆಸ್ಪತ್ರೆ ತಲುಪುವ ತನಕ ಬೇರೆ ಏನೂ ಇಲ್ಲ.

ಸೆರಾಫಿಮ್ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ವಾಯೋಸ್ ಕಂಬಳಿ ಹೊದ್ದು, ಕಾಲು ಚಾಚಿ, ತಲೆಯನ್ನು ಕಿಟಕಿಗೆ ಒರಗಿಸಿದ್ದ. ಮೊದಲ ತಿರುವುಗಳಲ್ಲಿ ಅವನು ಕೊಟ್ಟಿಗೆಯವರ ಮುಖ ನೆನೆದು ಏನೋ ಹೇಳಲು ನೋಡಿದ. ಮಧ್ಯದಲ್ಲಿ ನೋವು ಬಂದು ಮಾತನ್ನು ತುಂಡರಿಸಿತು. ಆಮೇಲೆ ಅದು ಬಿಟ್ಟು ಬಿಟ್ಟು ಬರುವುದನ್ನು ನಿಲ್ಲಿಸಿ, ಬಂದದ್ದು ಅಲ್ಲೇ ಕೂತಿತು. ಅವನು ಮುಷ್ಟಿಯನ್ನು ಸೀಟಿಗೆ ಗುದ್ದುತ್ತಿದ್ದ. ಅವಳು ಒಂದು ಕೈಯಲ್ಲಿ ಹಿಟ್ಟು ಜಾರದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದಿದ್ದಳು. ನಾಡಿ ಓಡುತ್ತಿತ್ತು. ನಡುವೆ ಒಂದು ಸಲ ಎಡವಿದಂತಾಯಿತು, ಅಥವಾ ಕಾರು ಗುಂಡಿಗೆ ಇಳಿದದ್ದೋ.

"ತುಟಿ ಜುಮ್ ಅಂತಿದೆ," ಎಂದ ವಾಯೋಸ್.

ಅವನ ಹೆಬ್ಬೆರಳು ತಾನಾಗಿಯೇ ಅಂಗೈಯೊಳಗೆ ಮಡಿಸಿಕೊಳ್ಳುತ್ತಿತ್ತು. ಅವಳು ಅದನ್ನು ಬಿಡಿಸಿದಳು. ಅದು ಮತ್ತೆ ಮಡಿಸಿಕೊಂಡಿತು.

"ಸೆರಾಫಿಮ್, ಬೇಗ," ಎಂದಳು.

"ಇದಕ್ಕಿಂತ ಬೇಗ ಹೋದ್ರೆ ಕಣಿವೆಗೇ, ಅತ್ತಿಗೆ."

ವಾಯೋಸ್ ಕಣ್ಣು ತೆರೆದು ಅವಳನ್ನು ನೋಡಿದ. ಆ ಕಣ್ಣುಗಳನ್ನು ಅವಳು ಇಷ್ಟು ವರ್ಷ ನೋಡಿದ್ದರೂ ಹೀಗೆ ನೋಡಿರಲಿಲ್ಲ. "ಅರೆತಿ," ಎಂದ. "ನಂಗೆ ಹೆದರಿಕೆ ಆಗ್ತಿದೆ."

"ನಂಗೂ ಆಗ್ತಿದೆ," ಎಂದಳು.

ಸೇತುವೆಯ ಬಳಿ ಆಂಬುಲೆನ್ಸು ನಿಂತಿತ್ತು. ವಾಯೋಸನ ಎದೆಗೆ ತಂತಿಗಳನ್ನು ಅಂಟಿಸಿ, ತೋಳಿಗೆ ಸೂಜಿ ಚುಚ್ಚಿ, ಅವಳನ್ನು ಮುಂದೆ ಕೂರಿಸಿಕೊಂಡು ಹೊರಟರು. ಅವಳ ಬೆನ್ನ ಹಿಂದೆ ಯಂತ್ರವೊಂದು ಬಡಿದುಕೊಳ್ಳುತ್ತಿತ್ತು. ಆಸ್ಪತ್ರೆಯ ಬಾಗಿಲಿಗೆ ಇನ್ನೇನು ತಿರುಗಬೇಕು ಅನ್ನುವಾಗ ಆ ಸದ್ದು ಗಲಿಬಿಲಿಯಾಗಿ, ಉದ್ದಕ್ಕೆ ಎಳೆಯಿತು. ಹಿಂದಿನವರು ಒಬ್ಬರಿಗೊಬ್ಬರು ಚಿಕ್ಕ ಚಿಕ್ಕ ಮಾತಿನಲ್ಲಿ ಏನೋ ಹೇಳಿಕೊಂಡರು. ಅವಳು ತಿರುಗಿ ನೋಡಲಿಲ್ಲ. ಗಾಡಿ ನಿಂತಿತು, ಬಾಗಿಲು ತೆರೆಯಿತು, ಮಂಚ ಓಡಿತು, ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನಲ್ಲಿ ಅವಳು ಕೂತಿದ್ದಾಗ ಕ್ಲೆಯಾಂಥಿಸ್ ಬಂದ. ಅವನು ಕಂಪನಿಯವರನ್ನು ಹಿಡಿದು ಕೇಳಿದ್ದ. ಕೊನೆಗೂ ಹೆಸರು ಹೇಳಿದ್ದರು. ಅವಳು ಅಂದುಕೊಂಡ ಹೆಸರೇ. ಅವನ ಮುಖ ಸುಣ್ಣ ಬಳಿದಂತಾಗಿತ್ತು; ನಾನು ಕೇಳಬೇಕಿತ್ತು, ಕೇಳಬೇಕಿತ್ತು ಎಂದೇ ಹೇಳುತ್ತಿದ್ದ. ನಾನೂ ಹೆಸರು ತಿಳಿಯದೆ ಸುರಿದೆನಲ್ಲ ಎಂದು ಅರೆತಿ ಅಂದುಕೊಂಡಳು. ಕೊನೆಗೆ ಅವನು, ಅವರಿಗೆ ಪರೀಕ್ಷೆಯ ಬಗ್ಗೆ ಏನು ಹೇಳಲಿ ಎಂದು, ಕೇಳಬಾರದ್ದನ್ನು ಕೇಳುವವನಂತೆ ಕೇಳಿದ.

"ಹತ್ತಿ ಪೂರ್ತಿ ಕುಡೀತು ಅಂತ ಬರೀರಿ," ಎಂದಳು. "ಒಂದು ಹನೀನೂ ಬಿಡಲಿಲ್ಲ. ಆಮೇಲೆ ಆ ಹಾಸನ್ನ ಯಾರ ಕೈಗೂ ಕೊಡಬೇಡಿ ಅಂತಾನೂ ಬರೀರಿ."

ಸಂಜೆ ಎಳೆ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದಳು. ಹೃದಯ ಎರಡು ಸಲ ನಿಂತಿತ್ತು, ಎರಡು ಸಲವೂ ಹಿಂದಕ್ಕೆ ಬಂದಿದೆ, ರಕ್ತಕ್ಕೆ ಸುಣ್ಣ ಕೊಡುತ್ತಿದ್ದೇವೆ, ತೊಡೆಗೂ ಚುಚ್ಚುತ್ತಿದ್ದೇವೆ, ಇವತ್ತು ಕಳೆಯಲಿ ಎಂದಳು. ಮಾತಿನ ನಡುವೆ ಅವಳ ಕಣ್ಣು ಅರೆತಿಯ ಮಡಿಲಿಗೆ ಇಳಿಯಿತು. ಅರೆತಿ ತನಗೆ ಗೊತ್ತಿಲ್ಲದೆ ಬೆರಳ ತುದಿಗಳನ್ನು ಒಂದಕ್ಕೊಂದು ಒತ್ತಿಕೊಳ್ಳುತ್ತಿದ್ದಳು.

"ಅವರ ಬಟ್ಟೆ ತೆಗೆದಿದ್ದು ಯಾರು?"

"ನಾನು."

"ಕೈಗವಸು ಹಾಕ್ಕೊಂಡಿದ್ರಾ?"

ಅರೆತಿ ಆಗ ತನ್ನ ಉಗುರುಗಳನ್ನು ನೋಡಿದಳು. ಅವುಗಳ ಅಡಿಯಲ್ಲಿ ಏನೋ ಮಿಡಿಯುತ್ತಿತ್ತು. ಯಾವಾಗ ಶುರುವಾಯಿತೋ ಅವಳಿಗೆ ತಿಳಿದಿರಲಿಲ್ಲ. ಇಡೀ ಮಧ್ಯಾಹ್ನ ಅದನ್ನು ಹೆದರಿಕೆಯೆಂದೇ ತಿಳಿದಿದ್ದಳು.

ತೆಳು ರಬ್ಬರಿನ ಕೈಗವಸುಗಳಿಗೆ ಸುಣ್ಣದ ಬಿಳಿ ಲೇಪವನ್ನು ತುಂಬಿ, ಅದರೊಳಗೆ ಅವಳ ಎರಡೂ ಕೈಗಳನ್ನು ಇಳಿಸಿ, ಮಣಿಕಟ್ಟಿನಲ್ಲಿ ಕಟ್ಟಿದರು. ಲಾರಿಸಾದಲ್ಲಿದ್ದ ಮಗಳಿಗೆ ಫೋನು ಮಾಡಲು ನರ್ಸು ಅವಳ ಕಿವಿಗೆ ಫೋನು ಹಿಡಿಯಬೇಕಾಯಿತು. ಆ ಇರುಳನ್ನು ಅವಳು ಹೇಗೋ ಕಳೆದಳು. ಉಗುರಿನಡಿಯ ಮಿಡಿತ ಬೆಳಗಿನ ಹೊತ್ತಿಗೆ ಸಡಿಲಿತು, ಉಗುರುಗಳು ಉಳಿಯುತ್ತವೆ ಎಂದರು. ವಾಯೋಸನ ತೊಡೆಯ ಚರ್ಮ ಉಳಿಯುವುದಿಲ್ಲ, ಇನ್ನೊಂದು ತೊಡೆಯಿಂದ ತೆಗೆದು ಹಾಕಬೇಕಾಗುತ್ತದೆ. ಕುಂಟಬಹುದು. ಬದುಕುತ್ತಾನೆಯೇ ಎಂದು ಅವಳು ಕೇಳಿದಾಗ ಡಾಕ್ಟರಮ್ಮ ಹೌದು ಎನ್ನುವ ಮೊದಲು ಒಮ್ಮೆ ಯಂತ್ರದ ಕಡೆ ನೋಡಿದಳು. ಅರೆತಿ ಅದನ್ನು ಗಮನಿಸಿದಳು.

ಭಾನುವಾರ ಮಧ್ಯಾಹ್ನ ಅವಳನ್ನು ಒಳಗೆ ಬಿಟ್ಟರು. ಅವನು ದಿಂಬಿಗೆ ಒರಗಿದ್ದ. ಒಂದೇ ದಿನಕ್ಕೆ ಗಡ್ಡ ಬೆಳ್ಳಗೆ ಕಾಣುತ್ತಿತ್ತು. ಪಕ್ಕದ ಮಂಚದ ರೋಗಿಯ ಹೆಂಡತಿ ಎಲೆ ಸಮೇತ ಮ್ಯಾಂಡರಿನ್ ಕಿತ್ತಳೆ ತಂದಿದ್ದಳು. ಇವನ ಮೇಜಿನ ಮೇಲೂ ಒಂದಿಟ್ಟು, ನಿಮ್ಮ ಮನೆಯವರಿಗೂ ಕೊಡಿ ಎಂದು ಅವನಿಗೆ ಹೇಳಿದಳು. ಇಬ್ಬರಲ್ಲಿ ಯಾರೂ ಅವಳ ತಪ್ಪನ್ನು ತಿದ್ದಲಿಲ್ಲ.

ಅರೆತಿ ಊದಿದ ಬಿಳಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ವಾಯೋಸ್ ಸೂಜಿ ಇಲ್ಲದ ಕೈಯಿಂದ ಹಣ್ಣನ್ನು ಎದೆಗೆ ಒತ್ತಿಕೊಂಡು, ತಂತಿಗಳ ನಡುವೆ, ಹೆಬ್ಬೆರಳಿನಿಂದ ಸಿಪ್ಪೆ ಬಿಡಿಸಿದ. ಬಹಳ ಹೊತ್ತು ಹಿಡಿಯಿತು. ಮೊದಲ ತೊಳೆಯನ್ನು ಬಿಡಿಸಿ ಅವಳ ಬಾಯಿಯ ಹತ್ತಿರ ತಂದ. ಅವಳು ಮುಂದಕ್ಕೆ ಬಗ್ಗಿ ತೆಗೆದುಕೊಂಡಳು. ತಲೆಯ ಮೇಲಿನ ಯಂತ್ರದಲ್ಲಿ ಹಸಿರು ಗೆರೆ ಏಳುತ್ತ ಇಳಿಯುತ್ತ ಹೋಗುತ್ತಿತ್ತು. ಅವನ ಕಣ್ಣೂ ಅಲ್ಲೇ ಇತ್ತು, ಅವಳ ಕಣ್ಣೂ ಅಲ್ಲೇ ಇತ್ತು. ಬೀಜವನ್ನು ಎಲ್ಲಿ ಉಗುಳುವುದೆಂದು ಅವಳು ಸುತ್ತ ನೋಡಿದಾಗ, ಅವನು ಗೆರೆಯಿಂದ ಕಣ್ಣು ತೆಗೆಯದೆ, ಅಂಗೈ ಚಾಚಿದ.